ಹಸುವಿಗೆ ಹಂದಿಗಿಂತ ತಿಮಿಂಗಿಲವೇ ಹತ್ತಿರದ ನೆಂಟ

ತಿಮಿಂಗಿಲ ಮೀನಲ್ಲ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಜೀವಿಗಳನ್ನು ವರ್ಗೀಕರಿಸಿದ ಸ್ವೀಡನ್ನಿನ ಲಿನೇಯಸ್ 1735ರಲ್ಲಿ ತನ್ನ 'ಸಿಸ್ಟೆಮಾ ನಾಚುರೇ' ಪುಸ್ತಕದಲ್ಲಿ ಅದನ್ನು ಮೀನುಗಳ ಸಾಲಿಗೆ ಸೇರಿಸಿದ್ದ; 1758ರ ಹತ್ತನೆಯ ಆವೃತ್ತಿಯಲ್ಲಿ ಸಸ್ತನಿಗಳ ಕಡೆಗೆ ತಂದ. ಹೆಚ್ಚಿನವರು ಮಾತನ್ನು ಅಲ್ಲಿಗೇ ಮುಗಿಸಿಬಿಡುತ್ತಾರೆ. ಸಸ್ತನಿಯೇನೋ ಸರಿ, ಆದರೆ ಯಾವ ಸಸ್ತನಿಗೆ ನೆಂಟ? ಗಟ್ಟಿ ಉತ್ತರಕ್ಕೆ ಮತ್ತೆ ಸುಮಾರು 240 ವರ್ಷ ಹಿಡಿಯಿತು. ಜೀವವಿಕಾಸಕ್ಕೆ ಪುರಾವೆ ಎಲ್ಲಿ ಎಂದು ಸವಾಲು ಹಾಕುವವರಿಗೆ ಆ ಉತ್ತರ ಸಿಕ್ಕ ದಾರಿಯನ್ನೇ ತೋರಿಸಬೇಕು.

ಮೊದಲು ದಾರಿ ತಪ್ಪಿಸಿದ್ದು ಹಲ್ಲು. ಮೆಸೊನಿಕಿಡ್ ಎಂಬ, ಎಂದೋ ಅಳಿದುಹೋದ ಮಾಂಸಾಹಾರಿ ಪ್ರಾಣಿಗಳ ತ್ರಿಕೋನಾಕಾರದ ಹಲ್ಲುಗಳು ಆದಿಕಾಲದ ತಿಮಿಂಗಿಲಗಳ ಹಲ್ಲನ್ನು ಹೋಲುತ್ತಿದ್ದವು. 1966ರಲ್ಲಿ ಜೀವವಿಜ್ಞಾನಿ ಲೀ ವಾನ್ ವೇಲನ್ ಇವೆರಡನ್ನೂ ನೆಂಟರೆಂದರು. ಮೂರು ದಶಕ ಆ ಮಾತು ನಡೆಯಿತು. ಆದರೆ ಹಲ್ಲು ತಿನ್ನುವ ಆಹಾರಕ್ಕೆ ತಕ್ಕಂತೆ ಬದಲಾಗುತ್ತದೆ. ಒಂದೇ ಬಗೆಯ ಆಹಾರ ಹಿಡಿದ ಎರಡು ಬೇರೆ ಬೇರೆ ವಂಶಗಳಲ್ಲಿ ಒಂದೇ ಬಗೆಯ ಹಲ್ಲು ಮೂಡುವುದುಂಟು. ಹೋಲಿಕೆಯಿದ್ದ ಮಾತ್ರಕ್ಕೆ ನೆಂಟಸ್ತನ ಇರಲೇಬೇಕೆಂದಿಲ್ಲ.

ಹಾಗಾದರೆ ಆಹಾರ, ವಾಸಸ್ಥಾನಗಳ ಹಂಗಿಲ್ಲದ ಗುರುತು ಯಾವುದಿದೆ? ಜಪಾನಿನ ನೊರಿಹಿರೊ ಒಕಾಡ ಅವರ ತಂಡ ಅದನ್ನು ಡಿಎನ್‌ಎಯಲ್ಲಿ ಹುಡುಕಿತು. ನಮ್ಮ ಜೀನೋಮ್‌ನಲ್ಲೂ (ಜೀನೋಮ್ ಎಂದರೆ ಒಂದು ಜೀವಿಯ ಇಡೀ ಡಿಎನ್‌ಎ) ಹಸುವಿನದರಲ್ಲೂ ಸೈನ್ ಎಂಬ, ಡಿಎನ್‌ಎಯ ಕೆಲವು ನೂರು ಅಕ್ಷರಗಳಷ್ಟೇ ಉದ್ದದ ತುಣುಕುಗಳು ಲಕ್ಷಗಟ್ಟಲೆ ಇವೆ. ಸೈನ್‌ನಿಂದ ಆರ್‌ಎನ್‌ಎ ಪ್ರತಿ ತಯಾರಾಗುತ್ತದೆ. ಆ ಪ್ರತಿ ಮತ್ತೆ ಡಿಎನ್‌ಎ ರೂಪಕ್ಕೆ ತಿರುಗಿ ಜೀನೋಮ್‌ನ ಇನ್ನೆಲ್ಲೋ ತೂರಿಕೊಳ್ಳುತ್ತದೆ. ಮೂಲ ತುಣುಕು ಇದ್ದಲ್ಲೇ ಇರುತ್ತದೆ. ಇದು ಅಂಡಾಣು ಅಥವಾ ವೀರ್ಯಾಣುವಿನ ವಂಶದ ಕೋಶದಲ್ಲಿ ನಡೆದರೆ ಮಾತ್ರ ಮರಿಗಳಿಗೆ ದಾಟೀತು. ಸುಮಾರು ಮುನ್ನೂರು ಕೋಟಿ ಅಕ್ಷರಗಳ ನಡುವೆ ಎರಡು ವಂಶಗಳಲ್ಲಿ ಬೇರೆ ಬೇರೆಯಾಗಿ ಅದೇ ತುಣುಕು ಅದೇ ಜಾಗಕ್ಕೆ ಬಂದು ಕೂರುವುದು ತೀರಾ ಅಪರೂಪ. ಕೂತದ್ದು ಅಚ್ಚುಕಟ್ಟಾಗಿ ಕಿತ್ತು ಹೋಗುವುದೂ ಅಷ್ಟೇ ಅಪರೂಪ. ಆದ್ದರಿಂದ ಎರಡು ಪ್ರಾಣಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಸೈನ್ ಕಂಡರೆ, ಅದು ಇಬ್ಬರಿಗೂ ಒಬ್ಬನೇ ಪೂರ್ವಜನಿಂದ ಬಂದದ್ದೆಂದೇ ಲೆಕ್ಕ.

ಪರೀಕ್ಷೆ ಸರಳ. ಸೈನ್‌ನ ಎರಡೂ ಬದಿಯ ಡಿಎನ್‌ಎಗೆ ಅಂಟುವ ಚಿಕ್ಕ ಡಿಎನ್‌ಎ ತುಣುಕುಗಳನ್ನು, ಅಂದರೆ ಪ್ರೈಮರ್‌ಗಳನ್ನು ಹಾಕಿ, ಪಿಸಿಆರ್‌ನಲ್ಲಿ (ಡಿಎನ್‌ಎ ತುಣುಕಿನ ನಕಲು ಮಾಡುವ ವಿಧಾನ) ಆ ಭಾಗವನ್ನು ಹೆಚ್ಚಿಸಿ, ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸುತ್ತಾರೆ. ಉದ್ದದ ತುಣುಕಿನ ಪಟ್ಟಿ ಬಂದರೆ ಸೈನ್ ಇದೆ; ಚಿಕ್ಕದು ಬಂದರೆ ಇಲ್ಲ. ಪಟ್ಟಿಯೇ ಬರದಿದ್ದರೆ? ಅದನ್ನು 'ಇಲ್ಲ' ಎಂದು ಓದಬಾರದು. ಪ್ರೈಮರ್ ಅಂಟುವ ಜಾಗವೇ ರೂಪಾಂತರಗೊಂಡಿರಬಹುದು. ಇನ್ನೊಂದು ತೊಡಕೂ ಇದೆ: ಪೂರ್ವಜರ ಗುಂಪಿನಲ್ಲಿ ಕೆಲವರಿಗಷ್ಟೇ ಸೈನ್ ಇದ್ದ ಹೊತ್ತಿನಲ್ಲಿ ಪ್ರಭೇದಗಳು ಬೇಗಬೇಗ ಕವಲೊಡೆದರೆ, ಯಾವ ಕವಲಿಗೆ ಅದು ಉಳಿಯಿತೆಂಬುದು ಅದೃಷ್ಟದ ಮಾತು. ಹಾಗಾಗಿ ಒಂದು ಜಾಗವನ್ನು ನೆಚ್ಚದೆ ಹಲವು ಜಾಗಗಳನ್ನು ನೋಡಬೇಕು. 1997 ಮತ್ತು 1999ರಲ್ಲಿ ಒಕಾಡ ತಂಡ ಹಾಗೇ ನೋಡಿತು. ಕವಲುಗಳು ಬೇರೆಯಾದ ಕ್ರಮ ಹೀಗೆ ಬಂತು: ಮೊದಲು ಒಂಟೆ, ಆಮೇಲೆ ಹಂದಿ, ಆಮೇಲೆ ಮೆಲುಕು ಹಾಕುವ ಹಸು ಮತ್ತು ಜಿಂಕೆಗಳು, ಕೊನೆಗೆ ಒಟ್ಟಿಗೆ ಉಳಿದದ್ದು ನೀರಾನೆ ಮತ್ತು ತಿಮಿಂಗಿಲ.

ಪಳೆಯುಳಿಕೆ ತಜ್ಞರಲ್ಲಿ ಅನೇಕರು ಒಪ್ಪಲಿಲ್ಲ. ಅವರ ಆಕ್ಷೇಪ ನ್ಯಾಯವಾದದ್ದೇ. ಸಮಸಂಖ್ಯೆಯ ಗೊರಸಿನ ಪ್ರಾಣಿಗಳಿಗೆ (ಒಂಟೆ, ಹಂದಿ, ಹಸು, ನೀರಾನೆಗಳ ಗುಂಪು) ಒಂದು ಪಕ್ಕಾ ಗುರುತಿದೆ: ಪಾದದ ಗಿಣ್ಣಿನಲ್ಲಿರುವ ಆಸ್ಟ್ರಾಗಲಸ್ ಮೂಳೆ. ಬೇರೆ ಸಸ್ತನಿಗಳಲ್ಲಿ ಅದರ ಮೇಲ್ತುದಿ ಮಾತ್ರ ಬಾವಿಯ ರಾಟೆಯಂತೆ ನಡುವೆ ತಗ್ಗಾಗಿರುತ್ತದೆ. ಇವುಗಳಲ್ಲಿ ಎರಡೂ ತುದಿ ಹಾಗಿರುತ್ತದೆ. ಪಾದ ಹಿಂದೆ ಮುಂದೆ ಸಲೀಸಾಗಿ ಆಡುತ್ತದೆ, ಪಕ್ಕಕ್ಕೆ ಹೊರಳುವುದು ಕಡಿಮೆ. (ಪ್ರಾಚೀನ ಗ್ರೀಕರು ಕುರಿ, ಮೇಕೆಗಳ ಇದೇ ಮೂಳೆಯನ್ನು ದಾಳವಾಗಿ ಉರುಳಿಸುತ್ತಿದ್ದರು.) ಇಂದಿನ ತಿಮಿಂಗಿಲಕ್ಕೆ ಹಿಂಗಾಲೇ ಇಲ್ಲವಾದ್ದರಿಂದ ಗಿಣ್ಣನ್ನು ನೋಡುವುದೆಲ್ಲಿ? ಡಿಎನ್‌ಎ ಹೇಳಿದ್ದು ನಿಜವಾದರೆ, ಕಾಲಿದ್ದ ಹಳೆಯ ತಿಮಿಂಗಿಲದಲ್ಲಿ ಎರಡು ರಾಟೆಯ ಮೂಳೆ ಸಿಗಲೇಬೇಕಿತ್ತು. 2001ರಲ್ಲಿ ಪಾಕಿಸ್ತಾನದ ಪಳೆಯುಳಿಕೆಗಳಲ್ಲಿ ಅದು ಸಿಕ್ಕಿತು, ಅದೂ ಎರಡು ಬೇರೆ ತಂಡಗಳಿಗೆ. ಒಂದು ತಂಡದ ಫಿಲಿಪ್ ಗಿಂಜರಿಚ್ ಅಲ್ಲಿಯವರೆಗೆ ಮೆಸೊನಿಕಿಡ್ ಪಕ್ಷದವರೇ ಆಗಿದ್ದರು.

ಮುಂದಿನ ಕೊಂಡಿ ಸಿಕ್ಕಿದ್ದು ನಮ್ಮಲ್ಲೇ. ಜಮ್ಮು ಪ್ರಾಂತ್ಯದ ಕಾಲಾಕೋಟ್‌ನಲ್ಲಿ ಭೂವಿಜ್ಞಾನಿ ಎ. ರಂಗರಾವ್ ಸಂಗ್ರಹಿಸಿದ್ದ ಕಲ್ಲುಗಳೊಳಗೆ ಇಂಡೊಹ್ಯೂಸ್ ಎಂಬ ಚಿಕ್ಕ ಗೊರಸುಪ್ರಾಣಿ ಇತ್ತು. ಕಾಲ ಸುಮಾರು 4.8 ಕೋಟಿ ವರ್ಷ ಹಿಂದಿನದು. ಹಾನ್ಸ್ ಥೆವಿಸನ್, ಸುನಿಲ್ ಬಾಜಪೇಯಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದಂತೆ, ಅದರ ಕಿವಿಯ ಮೂಳೆಯ ಒಳಅಂಚು ತಿಮಿಂಗಿಲದಲ್ಲಿರುವಂತೆಯೇ ದಪ್ಪವಾಗಿತ್ತು. ಕಾಲಿನ ಮೂಳೆಗಳ ಗೋಡೆಯೂ ದಪ್ಪ. ನೀರಿನಲ್ಲಿ ತೇಲಿಹೋಗದೆ ನಡೆಯಲು ಆ ಭಾರ ಬೇಕು.

ಇಲ್ಲೊಂದು ತಪ್ಪನ್ನು ತಿದ್ದಲೇಬೇಕು. ನೀರಾನೆಯಿಂದ ತಿಮಿಂಗಿಲ ಹುಟ್ಟಲಿಲ್ಲ. ತಿಮಿಂಗಿಲದ ಪಳೆಯುಳಿಕೆಗಳು ನೀರಾನೆ ಕುಟುಂಬದ್ದಕ್ಕಿಂತ ಎಷ್ಟೋ ಹಳೆಯವು. ಇಂಡೊಹ್ಯೂಸ್ ಕೂಡ ಅಜ್ಜನಲ್ಲ, ದಾಯಾದಿ. 'ಮಂಗ ಮನುಷ್ಯನಾದದ್ದಾದರೆ ಮಂಗ ಇನ್ನೂ ಏಕಿದೆ' ಎಂಬ ಪ್ರಶ್ನೆ ಹುಟ್ಟುವುದೂ ಇದೇ ತಪ್ಪಿನಿಂದ: ಕವಲೊಡೆದ ಮರವನ್ನು ಏಣಿಯೆಂದು ತಿಳಿಯುವುದರಿಂದ.

ವರ್ಗೀಕರಣದ ನಿಯಮ ಒಂದೇ: ಒಬ್ಬ ಪೂರ್ವಜನ ಸಂತತಿ ಎಂದ ಮೇಲೆ ಯಾರನ್ನೂ ಹೊರಗಿಡುವಂತಿಲ್ಲ. ಹಸು, ಹಂದಿ, ನೀರಾನೆಗಳ ಗಣದಿಂದ ತಿಮಿಂಗಿಲವನ್ನು ತೆಗೆದರೆ ಆ ಗಣವೇ ಅಪೂರ್ಣವಾಗುತ್ತದೆ. ಮೆಸೊನಿಕಿಡ್ ಪಕ್ಕದಲ್ಲಿ ತಿಮಿಂಗಿಲವನ್ನು ಬರೆದ ಚಿತ್ರ ಪುಸ್ತಕದಲ್ಲಿ ಕಂಡರೆ, ಅದು 2001ಕ್ಕಿಂತ ಹಿಂದಿನ ತಿಳಿವಳಿಕೆ. ತಿದ್ದಿಯೇ ಪಾಠ ಹೇಳಬೇಕು.