ಅಳಿವೆ ದಾಟಿ ಬರುವ ಎಟ್ಟಿ

ಮಲ್ಪೆಯ ಮೀನುಗಾರಿಕಾ ದಕ್ಕೆಯಿಂದ ತಂದ ಎಟ್ಟಿ (ಸೀಗಡಿ) ಶುಚಿ ಮಾಡುವಾಗ ಬೆನ್ನಿನಿಂದ ಒಂದು ಕಪ್ಪು ನೂಲು ಎಳೆದು ತೆಗೆಯುತ್ತೇವಲ್ಲ, ಅದು ನರವಲ್ಲ, ಕರುಳು. ಅದರೊಳಗಿರುವುದು ಎಟ್ಟಿಯ ಕೊನೆಯ ಊಟ: ತಳದ ಕೆಸರು, ಕೊಳೆತ ಎಲೆಯ ಚೂರು, ಸಣ್ಣಪುಟ್ಟ ಹುಳು. ಮುರಿದು ಬಿಸಾಡುವ ತಲೆಯ ಭಾಗದಲ್ಲೇ ಹೃದಯವೂ ಇದೆ. ಅದರ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣವಲ್ಲ, ತಾಮ್ರ. ಹಾಗಾಗಿ ರಕ್ತಕ್ಕೆ ನಸುನೀಲಿ ಛಾಯೆ.

ಆದರೆ ನನಗೆ ಬೆರಗು ಹುಟ್ಟಿಸುವುದು ಅದರ ಬಾಲ್ಯ.

ನಮ್ಮ ಬಿಳಿ ಸೀಗಡಿ ಮೊಟ್ಟೆ ಇಡುವುದು ಕಡಲಿನಲ್ಲಿ. ಏಡಿಯ ಹಾಗೆ ಹೊಟ್ಟೆಗೆ ಅಂಟಿಸಿಕೊಂಡು ಕಾಯುವುದಿಲ್ಲ. ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಟ್ಟುಬಿಡುತ್ತದೆ. ಒಂದು ದಿನದೊಳಗೆ ಒಡೆದು ಹೊರಬರುವ ಮರಿಗೆ ಸೀಗಡಿಯ ರೂಪವೇ ಇರುವುದಿಲ್ಲ. ಒಂದೇ ಕಣ್ಣು, ಮೂರು ಜೊತೆ ಕಾಲು, ಬುತ್ತಿಯಾಗಿ ಮೊಟ್ಟೆಯ ಹಳದಿ. ಸಿಪ್ಪೆ ಕಳಚುತ್ತ ಕಳಚುತ್ತ ಸುಮಾರು 12 ಹಂತ ದಾಟುವ ಹೊತ್ತಿಗೆ ಎರಡು ಮೂರು ವಾರ ಕಳೆದಿರುತ್ತದೆ. ಈಗ ಅದು ಕಡ್ಡಿಯ ಚೂರಿನಂಥ ಪುಟಾಣಿ ಎಟ್ಟಿ. ಹೋಗಬೇಕಾದದ್ದು ಹೊಳೆಗೆ.

ಇಷ್ಟು ಸಣ್ಣ ಜೀವಿ ಹೊಳೆಯ ಸೆಳೆತಕ್ಕೆ ಎದುರಾಗಿ ಈಜುವುದು ಹೇಗೆ? ಈಜುವುದೇ ಇಲ್ಲ, ಭರತಕ್ಕೆ ಕಾಯುತ್ತದೆ. ನೀರು ಏರುವಾಗ ತಳ ಬಿಟ್ಟು ಮೇಲೆದ್ದು ಅದರ ಜೊತೆ ಅಳಿವೆಯೊಳಗೆ, ಅಂದರೆ ಹೊಳೆ ಕಡಲು ಸೇರುವ ಬಾಯಿಯೊಳಗೆ, ಸಾಗುತ್ತದೆ. ಇಳಿತ ಶುರುವಾದರೆ ತಳಕ್ಕಿಳಿದು ಕೆಸರಿಗೆ ಒತ್ತಿಕೊಳ್ಳುತ್ತದೆ. ನೀರಿನ ಒತ್ತಡ, ಉಪ್ಪಿನ ಏರಿಳಿತವೇ ಅದಕ್ಕೆ ಗಡಿಯಾರ. ಹೀಗೆ ಒಂದೊಂದೇ ಭರತ ಹಿಡಿದು ಉದ್ಯಾವರ, ಸ್ವರ್ಣಾ, ಸೀತಾ ಹೊಳೆಗಳ ಸವುಳು ನೀರು ಸೇರಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ಸಂದಿಯಲ್ಲಿ ನೆಲೆ ಹೂಡುತ್ತದೆ. ಅಲ್ಲಿ ಉದುರಿ ಕೊಳೆಯುವ ಎಲೆಯೇ ಊಟದ ಮೂಲ, ಬೇರಿನ ಜಾಲವೇ ದೊಡ್ಡ ಮೀನಿನಿಂದ ಮರೆ. ಸಿಪ್ಪೆ ಕಳಚಿ ಮೈ ಮೆತ್ತಗಿರುವ ಗಳಿಗೆಗಳಲ್ಲಿ ಈ ಮರೆ ಇಲ್ಲದಿದ್ದರೆ ಉಳಿಗಾಲವಿಲ್ಲ. ಹೊಳೆದಡದಲ್ಲಿ ಕಾಂಡ್ಲಾ ಕಡಿದು ಮಣ್ಣು ತುಂಬಿಸುವುದನ್ನು ಕಂಡಾಗ ನನಗೆ ಸಂಕಟವಾಗುವುದು ಇದಕ್ಕೇ.

ಕೆಲವು ತಿಂಗಳಲ್ಲಿ ಬೆರಳುದ್ದ ಬೆಳೆದಿರುತ್ತದೆ. ಮುಂಗಾರು ಸುರಿದು ಹೊಳೆ ಸಪ್ಪೆಯಾಗುತ್ತಿದ್ದಂತೆ ಎಟ್ಟಿಗಳು ನೆರೆನೀರಿನ ಜೊತೆ ಕಡಲಿಗೆ ಹೊರಡುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರಿಕ ದೋಣಿಗಳು ದಕ್ಕೆಯಲ್ಲೇ ಕಟ್ಟಿಕೊಂಡಿರುತ್ತವೆ. ಆಗಸ್ಟಿನಲ್ಲಿ ಅವು ಮತ್ತೆ ಅಳಿವೆ ದಾಟುವಾಗ, ಬೇಸಿಗೆಯಲ್ಲಿ ಅದೇ ದಾರಿಯಿಂದ ಒಳಗೆ ಬಂದ ಮರಿಗಳು ಹೊರಗೆ ಕಡಲಿನಲ್ಲಿ ಮೈತುಂಬಿಕೊಳ್ಳುತ್ತಿರುತ್ತವೆ.