ಗುಂಪಿನಲ್ಲಿ ಹಾಡುವವರಿಗೆ ಟಿಪ್ಪಣಿ: ಶ್ರುತಿಗಿಂತ ಮೊದಲು ಕೊನೆಯ ‘ಉ’

ನವೆಂಬರ್ 1ರ ರಾಜ್ಯೋತ್ಸವಕ್ಕೆ ಚೆನ್ನಾಗಿ ಹಾಡಬೇಕು ಅಂದರೆ ಕೊಡಗಿನಲ್ಲಿ ತಾಲೀಮು ಮಳೆಗಾಲದಲ್ಲೇ ಶುರುವಾಗಬೇಕು. ಈ ಟಿಪ್ಪಣಿ ಅಂಥ ಊರಿನ ಗುಂಪುಗಳಿಗೆ. ಸಂಗೀತ ಕಲಿತವರು ಇಬ್ಬರೋ ಮೂವರೋ ಇರುತ್ತಾರೆ. ಉಳಿದವರು ಟೀಚರ್‌ಗಳು, ಬ್ಯಾಂಕಿನವರು, ತೋಟದವರು, ಕಾಲೇಜು ಮಕ್ಕಳು. ಒಬ್ಬೊಬ್ಬರಾಗಿ ಹಾಡಿಸಿದರೆ ಎಲ್ಲರಿಗೂ ಹಾಡು ಬರುತ್ತದೆ. ಒಟ್ಟಿಗೆ ಹಾಡಿದಾಗ ಮಾತ್ರ ಏನೋ ಸರಿಯಿಲ್ಲ ಅನ್ನಿಸುತ್ತದೆ. ಕೂಡಲೇ ಯಾರಾದರೂ ‘ಶ್ರುತಿ ಸೇರ್ತಿಲ್ಲ’ ಅನ್ನುತ್ತಾರೆ. ನಾನು ಕಂಡ ಹಾಗೆ ಎಷ್ಟೋ ಸಲ ಬೇರೆಯಾಗಿರುವುದು ಶ್ರುತಿಯಲ್ಲ, ಅಕ್ಷರ. ಹಾಗಾಗಿ ಅದನ್ನೇ ಮೊದಲು ತೆಗೆದುಕೊಳ್ಳೋಣ.

ಅಕ್ಷರ ಒಂದಾಗುವುದು

‘ಹಾಡು’ ಎಂಬ ಮಾತನ್ನು ಎಳೆದು ಹಾಡಿ ನೋಡಿ. ನಾದ ನಿಲ್ಲುವುದು ‘ಆ’ ಮತ್ತು ‘ಉ’ ಮೇಲೆ. ‘ಡ’ ಬಂದು ಹೋಗುತ್ತದೆ, ಅಷ್ಟೇ. ಕನ್ನಡದ ಮಾತುಗಳು ಹೆಚ್ಚಾಗಿ ಅ, ಇ, ಉ, ಎ ಇಂಥ ಅಕ್ಷರಗಳಲ್ಲೇ ಮುಗಿಯುತ್ತವೆ. ಸಾಲಿನ ಕೊನೆಯಲ್ಲಿ ಎಳೆಯುವುದೂ ಅವನ್ನೇ.

ಈಗ ನಮ್ಮ ಹಾಲ್‌ನಲ್ಲಿ ಕೂತವರನ್ನು ನೋಡಿ. ಮನೆಯಲ್ಲಿ ಒಬ್ಬರದ್ದು ಕೊಡವ ತಕ್ಕ್, ಇನ್ನೊಬ್ಬರದ್ದು ಅರೆಭಾಷೆ, ಪಕ್ಕದವರದ್ದು ಮಲಯಾಳಂ, ಹಿಂದಿನ ಸಾಲಿನಲ್ಲಿ ತುಳು, ಬ್ಯಾರಿ, ಕೊಂಕಣಿ. ಎಲ್ಲರೂ ಸಲೀಸಾಗಿ ಕನ್ನಡ ಮಾತಾಡುತ್ತಾರೆ. ಆದರೆ ಕೊಡವ ತಕ್ಕ್ ಮತ್ತು ಮಲಯಾಳಂನಲ್ಲಿ ಮಾತಿನ ಕೊನೆಗೆ ಒಂದು ಅರ್ಧ ‘ಉ’ ಇದೆ. ಅದಕ್ಕೆ ತುಟಿ ದುಂಡಗಾಗುವುದಿಲ್ಲ. ಮಾತಾಡುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ಅದೇ ‘ಉ’ವನ್ನು ನಾಲ್ಕು ಎಣಿಕೆ ಎಳೆದಾಗ ಬಣ್ಣ ಬಯಲಾಗುತ್ತದೆ. ಅರ್ಧ ಜನರ ತುಟಿ ದುಂಡಗೆ, ಇನ್ನರ್ಧ ಜನರದ್ದು ಅಗಲ. ಮೈಸೂರು ಕಡೆಯಿಂದ ಬಂದವರದ್ದು ಬೇರೆ ಅಭ್ಯಾಸ: ‘ಎಲ್ಲ’ ಅನ್ನುವುದು ‘ಯೆಲ್ಲ’ ಆಗುತ್ತದೆ, ‘ಒಂದು’ ಅನ್ನುವುದು ‘ವೊಂದು’.

ಒಂದು ಚಿಕ್ಕ ಪರೀಕ್ಷೆ ಮಾಡಿ. ಇಬ್ಬರು ಒಂದೇ ‘ಸ’ ಸ್ವರ ಹಿಡಿಯಲಿ, ಒಬ್ಬರು ‘ಈ’ ಎಂದು, ಇನ್ನೊಬ್ಬರು ‘ಊ’ ಎಂದು. ಕಣ್ಣು ಮುಚ್ಚಿ ಕೇಳಿದರೆ ‘ಈ’ ಸ್ವಲ್ಪ ಮೇಲಿದ್ದ ಹಾಗೆ ಅನ್ನಿಸಬಹುದು. ಮೊಬೈಲಿನ ಟ್ಯೂನರ್ ಎರಡೂ ಒಂದೇ ಎಂದು ತೋರಿಸುತ್ತಿರುತ್ತದೆ. ಬಾಯಿ, ಗಂಟಲಿನ ಆಕಾರ ಬದಲಾದಂತೆ ನಾದದ ಬೇರೆ ಬೇರೆ ಭಾಗಗಳು ಜೋರಾಗುತ್ತವೆ. ನಾದ ಹೊಳಪಾಗಿದ್ದರೆ ಕಿವಿ ಅದನ್ನು ಎತ್ತರ ಎಂದುಕೊಳ್ಳುತ್ತದೆ, ಮಂಕಾಗಿದ್ದರೆ ತಗ್ಗು ಎಂದುಕೊಳ್ಳುತ್ತದೆ. ಇಪ್ಪತ್ತು ಜನ ಇಪ್ಪತ್ತು ಥರದ ‘ಉ’ ಹಾಡಿದರೆ ಹಾರ್ಮೋನಿಯಂ ಎಷ್ಟು ಜೋರಾಗಿ ನುಡಿಸಿದರೂ ಪ್ರಯೋಜನವಿಲ್ಲ.

ಅಭ್ಯಾಸ ಹೀಗೆ: ಸಾಲಿನಿಂದ ವ್ಯಂಜನಗಳನ್ನೆಲ್ಲ ತೆಗೆದುಬಿಡಿ. ‘ಊರ ಕೇರಿ ಸೇರಿ ಹಾಡು’ ಎಂಬ ಸಾಲು ಇದ್ದರೆ ‘ಊ ಅ, ಏ ಇ, ಏ ಇ, ಆ ಉ’ ಎಂದಷ್ಟೇ ಅದರ ರಾಗದಲ್ಲಿ ಹಾಡಿ. ಎರಡು ಸಾಲಾಗಿ ಎದುರುಬದುರು ನಿಂತು, ಎದುರಿನವರ ತುಟಿ ನೋಡುತ್ತಾ ಹಾಡಿ. ಮೊದಲು ನಗು ಬರುತ್ತದೆ, ಬರಲಿ. ಆಮೇಲೆ ವ್ಯಂಜನ ಸೇರಿಸಿ. ಮೇಲಿನ ಸ್ವರದಲ್ಲಿ ‘ಈ’ ಬಂದರೆ ಗಂಟಲು ಹಿಂಡಿದಂತಾಗುತ್ತದೆ. ದವಡೆ ಸಡಿಲ ಬಿಟ್ಟು ಅದನ್ನು ಸ್ವಲ್ಪವೇ ‘ಎ’ ಕಡೆಗೆ ತನ್ನಿ. ಕೇಳುವವರಿಗೆ ‘ಈ’ ಎಂದೇ ಕೇಳಿಸುತ್ತದೆ.

ಇದು ಯಾರ ಕನ್ನಡ ಸರಿ ಎಂಬ ಜಗಳ ಅಲ್ಲ. ಆ ಜಗಳ ಶುರುವಾದರೆ ಅವತ್ತಿನ ತಾಲೀಮು ಅಲ್ಲಿಗೇ ಮುಗಿಯಿತು. ಹಾಡಿಗಾಗಿ ಒಂದು ‘ಉ’ ಆರಿಸಿಕೊಳ್ಳುತ್ತೇವೆ, ಅಷ್ಟೇ. ಹಾಲ್‌ನಿಂದ ಹೊರಗೆ ಬಂದ ಮೇಲೆ ಅವರವರ ಮಾತು ಅವರವರಿಗೆ.

ಶ್ರುತಿ ಆರಿಸುವುದು

ಕರ್ನಾಟಕ ಸಂಗೀತ ಕಲಿತ ಹೆಂಗಸರು ಸಾಮಾನ್ಯವಾಗಿ ಐದು, ಐದೂವರೆ ಮನೆ ಶ್ರುತಿಗೆ ಒಗ್ಗಿರುತ್ತಾರೆ (ಮನೆ ಅಂದರೆ ಹಾರ್ಮೋನಿಯಂನ ಬಿಳಿ ಕೀ, ‘ಸಿ’ಯಿಂದ ಎಣಿಸುವುದು; ಅರ್ಧ ಅಂದರೆ ಅದರ ಪಕ್ಕದ ಕಪ್ಪು ಕೀ). ಗಂಡಸರು ಒಂದು, ಒಂದೂವರೆ ಮನೆಗೆ. ಇಬ್ಬರೂ ಸೇರಿ ಹಾಡುವಾಗ ‘ಯಾರ ಶ್ರುತಿ?’ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯೇ ಬೇಡ. ಒಟ್ಟಿಗೆ ಹಾಡುವಾಗ ಗಂಡಸರ ದನಿ ಒಂದು ಸ್ಥಾಯಿ ಕೆಳಗೆ ತಾನಾಗಿಯೇ ಕೂರುತ್ತದೆ. ಆದ್ದರಿಂದ ಹಾಡುವವರನ್ನು ಬಿಟ್ಟು ಹಾಡನ್ನು ಕೇಳಿ: ನಿನ್ನ ಅತಿ ಕೆಳಗಿನ ಸ್ವರ ಯಾವುದು, ಅತಿ ಮೇಲಿನದು ಯಾವುದು?

ಕೆಳಗಿನ ‘ನಿ’ಯಿಂದ ಮೇಲಿನ ‘ರಿ’ವರೆಗೆ ಓಡಾಡುವ ಹಾಡಿಗೆ ಒಂದು ಮನೆ, ಅಂದರೆ ಹಾರ್ಮೋನಿಯಂನ ‘ಸಿ’, ಇಬ್ಬರಿಗೂ ನಡೆಯುತ್ತದೆ. ಕೆಳಗಿನ ‘ಪ’ಕ್ಕೆ ಇಳಿದು ಮಧ್ಯದ ‘ದ’ ದಾಟದ ಹಾಡಾದರೆ ನಾಲ್ಕು ಮನೆ ಒಳ್ಳೆಯದು. ಕೆಳಗಿನ ‘ಪ’ದಿಂದ ಮೇಲಿನ ‘ಗ’ವರೆಗೆ ಹೋಗುವ ಹಾಡು? ಹವ್ಯಾಸಿ ಗುಂಪಿಗೆ ಅದು ಕಷ್ಟವೇ. ಆ ಮೇಲಿನ ಸಾಲನ್ನು ನಾಲ್ಕು ಜನರಿಗೆ ಬಿಟ್ಟುಕೊಡಿ, ಉಳಿದವರು ಕೇಳಲಿ. ಪರೀಕ್ಷೆ ಒಂದೇ: ಹಾಡಿನ ಅತಿ ಎತ್ತರದ ಸಾಲನ್ನು ಮೆಲ್ಲಗೆ ಹಾಡಲು ಹೆಚ್ಚಿನವರಿಗೆ ಆಗಬೇಕು. ಜೋರಾಗಿ ಮಾತ್ರ ಮುಟ್ಟಲು ಆಗುತ್ತದೆ ಅಂದರೆ ಶ್ರುತಿ ಅರ್ಧ ಮನೆ ಇಳಿಸಿ.

ಹಾರ್ಮೋನಿಯಂ ಇಡೀ ಹಾಡನ್ನು ನುಡಿಸುತ್ತಿದ್ದರೆ ಎಲ್ಲರೂ ಅದಕ್ಕೆ ಒರಗಿಬಿಡುತ್ತಾರೆ. ರಾಗ ಕಲಿತಾದ ಮೇಲೆ ತಂಬೂರಿ ಆ್ಯಪ್ ಸಾಕು. ಒಂದು ಚರಣ ಹಾಡುವಷ್ಟು ಹೊತ್ತು ಅದನ್ನೂ ನಿಲ್ಲಿಸಿ. ಆಮೇಲೆ ಹಾಕಿ ನೋಡಿ, ಗುಂಪು ಕೆಳಗೆ ಜಾರಿರುವ ಸಾಧ್ಯತೆಯೇ ಜಾಸ್ತಿ. ಜಾರುವ ಜಾಗಗಳು ಮುಖ್ಯವಾಗಿ ಎರಡು. ಒಂದೇ ಸ್ವರ ನಾಲ್ಕೈದು ಸಲ ಸತತವಾಗಿ ಬರುವ ಕಡೆ, ಮತ್ತೆ ಅವರೋಹಣದಲ್ಲಿ. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ. ‘ಮ’ದಿಂದ ‘ಗ’ಕ್ಕೆ ಬರುವಾಗ ಇನ್ನೂ ಸ್ವಲ್ಪ ಮೇಲೆಯೇ ಇದ್ದೇನೆ ಎಂದುಕೊಂಡು ಬನ್ನಿ.

ಉಸಿರು

‘ಹೊಟ್ಟೆಯಿಂದ ಹಾಡಿ’ ಎಂದು ಹೇಳುತ್ತಾರೆ, ಅದು ಅರ್ಧ ಮಾತು. ಉಸಿರು ತೆಗೆದುಕೊಂಡಾಗ ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯು, ವಪೆ, ಕೆಳಗಿಳಿಯುತ್ತದೆ. ಅದಕ್ಕೇ ಹೊಟ್ಟೆ ಮುಂದೆ ಬರುತ್ತದೆ, ಪಕ್ಕೆ ಹಿಗ್ಗುತ್ತದೆ. ಹೆಗಲು ಮೇಲೇರಬಾರದು. ಹಾಡುವಾಗ ಹೊಟ್ಟೆ ಒತ್ತಬೇಕಿಲ್ಲ, ಹಿಗ್ಗಿದ ಪಕ್ಕೆ ಕೂಡಲೇ ಕುಸಿಯದಂತೆ ನೋಡಿಕೊಂಡರೆ ಸಾಕು. ನಾಲ್ಕು ಎಣಿಕೆ ಉಸಿರು ಒಳಗೆ, ಹನ್ನೆರಡು ಎಣಿಕೆ ‘ಸ್‌ಸ್’ ಎಂದು ಸಮವಾಗಿ ಹೊರಗೆ. ಕೊನೆಯ ಎಣಿಕೆಯಲ್ಲಿ ಸದ್ದು ಮೊದಲಿನಷ್ಟೇ ಇರಬೇಕು. ಪ್ಲಾಸ್ಟಿಕ್ ಕುರ್ಚಿಗೆ ಒರಗಿ ಕೂತರೆ ಇದು ಆಗುವುದಿಲ್ಲ, ಅಂಚಿಗೆ ಬನ್ನಿ.

ಗುಂಪಿಗೆ ಒಂದು ಅನುಕೂಲ ಇದೆ, ಒಬ್ಬರೇ ಹಾಡುವವರಿಗೆ ಅದಿಲ್ಲ. ಸರದಿಯಲ್ಲಿ ಉಸಿರು ತೆಗೆದುಕೊಳ್ಳಬಹುದು. ಕೊಡವರ ದುಡಿಕೊಟ್ಟ್ ಪಾಟ್ ಕೇಳಿದವರಿಗೆ ಇದು ಗೊತ್ತು. ನಾಲ್ವರು ದುಡಿ ಎಂಬ ಚಿಕ್ಕ ಚರ್ಮವಾದ್ಯ ಹಿಡಿದು ಹಾಡುತ್ತಾರೆ. ಇಬ್ಬರು ಒಂದು ಸಾಲು ಹೇಳಿದರೆ ಇನ್ನಿಬ್ಬರು ಅದನ್ನೇ ತಿರುಗಿ ಹೇಳುತ್ತಾರೆ. ಎಷ್ಟು ಹೊತ್ತು ಹಾಡಿದರೂ ಪಾಟ್ ಕಡಿಯುವುದಿಲ್ಲ, ಯಾರಿಗೂ ಏದುಸಿರು ಬರುವುದಿಲ್ಲ. ನಮ್ಮ ಗುಂಪಿನಲ್ಲಿ ಅಷ್ಟು ಬಿಡುವು ಸಿಗುವುದಿಲ್ಲ. ಆದರೂ ಪಕ್ಕದವರ ಜೊತೆ ಜೋಡಿ ಮಾಡಿಕೊಳ್ಳಿ. ಇಬ್ಬರೂ ಒಂದೇ ಜಾಗದಲ್ಲಿ ಉಸಿರು ತೆಗೆದುಕೊಳ್ಳಬಾರದು. ಸಾಲಿನ ಕೊನೆಯಲ್ಲಿ ಎಲ್ಲರೂ ತೆಗೆದುಕೊಳ್ಳುವುದು ಸಹಜ, ಅದಕ್ಕೇ ಅಲ್ಲಿ ಗುಂಡಿ ಬೀಳುವುದು. ಉದ್ದ ಅಕ್ಷರದ ನಡುವೆ ಮೆಲ್ಲಗೆ ಬಿಟ್ಟು, ಮೆಲ್ಲಗೆ ಸೇರಿಕೊಳ್ಳಿ.

ನಾಡಗೀತೆಗೆ ಇದು ಬೇಕೇ ಬೇಕು. ಆಲಾಪ, ಪುನರಾವರ್ತನೆ ಇಲ್ಲದೆ 2 ನಿಮಿಷ 30 ಸೆಕೆಂಡ್‌ನಲ್ಲಿ ಪೂರ್ತಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಗೊತ್ತುಮಾಡಿತು. ಮೊಬೈಲಿನಲ್ಲಿ ಸಮಯ ಹಿಡಿದು ಹಾಡಿ. ಸಮಯ ಮೀರಿದರೆ ಉಸಿರಿನ ಜಾಗಗಳಲ್ಲಿ ಎಷ್ಟು ನಿಲ್ಲುತ್ತೀರಿ ಎಂದು ಮೊದಲು ನೋಡಿ. ವೇಗ ಹೆಚ್ಚಿಸುವುದು ಆಮೇಲಿನ ಮಾತು.

ಮಳೆ ಮತ್ತು ಜೋರು ದನಿ

ಶೀಟಿನ ಮಾಡಿನ ಮೇಲೆ ಜುಲೈ ಮಳೆ ಬಿದ್ದಾಗ ಪಕ್ಕದವರ ಮಾತೇ ಕೇಳಿಸುವುದಿಲ್ಲ ಅಲ್ವಾ? ಆಗ ಎಲ್ಲರೂ ಗೊತ್ತಿಲ್ಲದೆ ದನಿ ಏರಿಸುತ್ತಾರೆ. ಸುತ್ತ ಸದ್ದು ಹೆಚ್ಚಾದರೆ ಮನುಷ್ಯನ ದನಿ ತಾನಾಗಿ ಏರುತ್ತದೆ ಎಂದು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲಿ ಬರೆದರು. ಇವತ್ತಿಗೂ ಅದಕ್ಕೆ ಅವರದೇ ಹೆಸರು. ಗುಂಪಿನಲ್ಲಿ ಮಳೆ ಇಲ್ಲದಿದ್ದರೂ ಇದು ನಡೆಯುತ್ತದೆ. ಪಕ್ಕದವರು ಜೋರಾದರೆ ನನ್ನ ದನಿ ನನಗೆ ಕೇಳಿಸದು, ನಾನೂ ಏರಿಸುತ್ತೇನೆ, ಅವರು ಇನ್ನೂ ಏರಿಸುತ್ತಾರೆ. ಅರ್ಧ ಗಂಟೆಯಲ್ಲಿ ಎಲ್ಲರ ಗಂಟಲೂ ಹೋಗಿರುತ್ತದೆ.

ಮಳೆ ಜೋರಾದಾಗ ಹಾಡಬೇಡಿ. ತಾಳ ಹಾಕುತ್ತಾ ತುಟಿ ಮಾತ್ರ ಆಡಿಸಿ, ಮುಂದೆ ನಿಂತವರ ಕೈ ನೋಡುವುದನ್ನು ಕಲಿಯಿರಿ. ಕೈ ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹದಿನೇಳು ಮೀಟರ್ ದೂರದವರ ದನಿ ನಿಮಗೆ ಮುಟ್ಟುವಾಗ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಕಳೆದಿರುತ್ತದೆ. ದೊಡ್ಡ ವೇದಿಕೆಯಲ್ಲಿ ಕಿವಿ ನಂಬಿ ಹಾಡಿದರೆ ಆ ತುದಿಯವರು ಈ ತುದಿಯವರಿಗಿಂತ ಹಿಂದೆ ಬೀಳುತ್ತಾರೆ. ಮಳೆ ನಿಂತ ಮೇಲೆ ಒಬ್ಬರಿಂದೊಬ್ಬರು ಒಂದು ಮೊಳ ದೂರ ನಿಂತು ಹಾಡಿ. ಇಷ್ಟರಿಂದಲೇ ಸ್ವಂತ ದನಿ ಕೇಳಿಸತೊಡಗುತ್ತದೆ.

ಗಂಟಲಿನ ವಿಷಯ ಚಿಕ್ಕದಾಗಿ. ಶುರುವಿಗೆ ಬಾಯಿ ಮುಚ್ಚಿ ‘ಮ್‌ಮ್’, ಆಮೇಲೆ ತುಟಿ ನಡುಗಿಸುತ್ತಾ ‘ಬ್ರ್‌ರ್’, ಅಥವಾ ಸ್ಟ್ರಾ ಮೂಲಕ ಹಾಡಿನ ರಾಗ. ಚಳಿಯ ಬೆಳಿಗ್ಗೆ ಇದಕ್ಕೆ ಹತ್ತು ನಿಮಿಷ ಕೊಡಿ. ಕುಡಿದ ನೀರು ಧ್ವನಿತಂತುಗಳನ್ನು ಮುಟ್ಟುವುದಿಲ್ಲ, ಅದು ಹೊಟ್ಟೆಗೆ ಹೋಗುವ ದಾರಿಯೇ ಬೇರೆ. ಹಾಗಾಗಿ ವೇದಿಕೆ ಹತ್ತುವಾಗ ಒಂದು ಗುಟುಕು ಕುಡಿದರೆ ಬಾಯಿ ಒದ್ದೆಯಾಗುತ್ತದೆ, ಅಷ್ಟೇ. ಬೆಳಿಗ್ಗೆಯಿಂದಲೇ ಕುಡಿಯುತ್ತಿರಿ. ಗಂಟಲು ಕಟ್ಟಿದಾಗ ಪಿಸುಮಾತು ಬೇಡ, ಸುಮ್ನೆ ಇರುವುದೇ ಮೇಲು. ಮೂರು ವಾರವಾದರೂ ಬಿಡದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.

ಕೊನೆಗೆ ರೆಕಾರ್ಡಿಂಗ್. ಮೊಬೈಲನ್ನು ಜೋರು ದನಿಯವರ ಎದುರು ಇಡಬೇಡಿ, ಹಾಲ್‌ನ ನಡುವೆ ಇಡಿ. ಎಷ್ಟೋ ಮೊಬೈಲ್‌ಗಳು ಜೋರು, ಮೆಲು ಎರಡನ್ನೂ ತಾವಾಗಿ ಒಂದೇ ಮಟ್ಟಕ್ಕೆ ತರುತ್ತವೆ. ಆದ್ದರಿಂದ ದನಿಯ ಏರಿಳಿತವನ್ನು ಅದರಲ್ಲಿ ಅಳೆಯಲು ಹೋಗಬೇಡಿ. ಎರಡು ವಿಷಯ ಮಾತ್ರ ಕೇಳಿ: ಸಾಲಿನ ಕೊನೆಯ ಅಕ್ಷರವನ್ನು ಎಲ್ಲರೂ ಒಟ್ಟಿಗೆ ಬಿಟ್ಟರೇ, ಉಸಿರಿಗೆ ಎಲ್ಲಿ ಹಾಡು ಕಡಿಯಿತು. ಆ ಸಾಲುಗಳಿಗೆ ಹಾಡಿನ ಹಾಳೆಯಲ್ಲಿ ಪೆನ್ಸಿಲ್ ಗುರುತು ಹಾಕಿ, ಮುಂದಿನ ವಾರ ಅಲ್ಲಿಂದಲೇ ಶುರು ಮಾಡಿ.