ಬ್ರಿಸ್ಬೇನ್‌ನಲ್ಲಿ ಕಾರಿಲ್ಲದೆ ಓಡಾಡಬಹುದಾ?

ಪ್ರಶ್ನೆ: ಮಗ, ಸೊಸೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿದ್ದಾರೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ನಾವಿಬ್ಬರೂ ಹೋಗಿ ಇರುತ್ತೇವೆ. ಅವರು ವಾರಪೂರ್ತಿ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಕಾರು ಓಡಿಸುವ ಧೈರ್ಯ ನಮಗಿಲ್ಲ. ನಾವೇ ಊರು ನೋಡಬಹುದಾ, ಇಲ್ಲ ಶನಿವಾರಕ್ಕೆ ಕಾಯಬೇಕಾ?

ಉತ್ತರ: ಕಾಯಬೇಡಿ. ಊರು ಮತ್ತು ಕಡಲತೀರಗಳನ್ನು ನೀವಿಬ್ಬರೇ ನೋಡಿಬಿಡಿ. ಮಗನ ಶನಿವಾರ, ಭಾನುವಾರಗಳನ್ನು ಬೆಟ್ಟಗಳಿಗೆ ಉಳಿಸಿ.

2024ರ ಆಗಸ್ಟ್‌ನಿಂದ ಅಲ್ಲಿ ಬಸ್ಸು, ರೈಲು, ಟ್ರಾಮ್, ದೋಣಿ ಎಲ್ಲಕ್ಕೂ ಒಂದೇ ದರ, ಒಂದು ಪ್ರಯಾಣಕ್ಕೆ 50 ಸೆಂಟ್. ನಮ್ಮ ಲೆಕ್ಕದಲ್ಲಿ ಸುಮಾರು 30 ರೂಪಾಯಿ. ಮೊದಲು ಪ್ರಯೋಗಕ್ಕೆಂದು ತಂದದ್ದನ್ನು ಆಮೇಲೆ ಕಾಯಂ ಮಾಡಿದರು. ವಿಮಾನ ನಿಲ್ದಾಣದ ರೈಲು ಮಾತ್ರ ಈ ಲೆಕ್ಕಕ್ಕೆ ಸೇರಿಲ್ಲ. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಪ್ರಯಾಣದ ಕಾರ್ಡ್ ತಾಗಿಸಬೇಕು. ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ, ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು.

ಮೊದಲ ದಿನವೇ ನದಿಗೆ ಹೋಗಿ. 1996ರಿಂದ ಓಡುತ್ತಿರುವ ಸಿಟಿಕ್ಯಾಟ್ ದೋಣಿಗಳು ಅಲ್ಲಿನವರಿಗೆ ದಿನನಿತ್ಯದ ಸವಾರಿ. ಆಫೀಸಿಗೆ, ಕಾಲೇಜಿಗೆ ಹೋಗುವವರೂ ಅದರಲ್ಲೇ ಇರುತ್ತಾರೆ. ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯದ ಬಳಿ ಹತ್ತಿ, ಮುಂದಿನ ತೆರೆದ ಜಾಗದಲ್ಲಿ ಕೂತು ಹ್ಯಾಮಿಲ್ಟನ್ ಕಡೆ ಹೊರಡಿ. ನದಿ ಎಷ್ಟು ತಿರುಗುತ್ತದೆಂದರೆ ಎತ್ತರದ ಕಟ್ಟಡಗಳು ಒಮ್ಮೆ ಎಡಕ್ಕೆ ಕಾಣುತ್ತವೆ, ಒಮ್ಮೆ ಬಲಕ್ಕೆ. 1940ರ ಸ್ಟೋರಿ ಬ್ರಿಡ್ಜ್‌ನ ಉಕ್ಕಿನ ಚೌಕಟ್ಟು ನಿಮ್ಮ ತಲೆ ಮೇಲೇ ಹಾದುಹೋಗುತ್ತದೆ. ಬ್ರಿಸ್ಬೇನ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಈ ಪ್ರಯಾಣವೇ. ಇದಕ್ಕಾಗಿ ದುಬಾರಿ ಪ್ರವಾಸಿ ದೋಣಿ ಹಿಡಿಯುವುದು ಸುಮ್ನೆ ದುಡ್ಡು ದಂಡ.

ಇನ್ನೊಂದು ದಿನ ಸೌತ್ ಬ್ಯಾಂಕ್‌ನಲ್ಲಿ ಇಳಿಯಿರಿ. 1988ರ ಎಕ್ಸ್‌ಪೋ, ಅಂದರೆ ವಿಶ್ವ ವಸ್ತುಪ್ರದರ್ಶನ, ನಡೆದ ಜಾಗ ಅದು. ಎಕ್ಸ್‌ಪೋ ಮುಗಿದ ಮೇಲೆ ಅಲ್ಲಿ ಕಟ್ಟಡಗಳೆದ್ದು ಬಿಡುತ್ತಿದ್ದವು. ಜನ ಒಪ್ಪಲಿಲ್ಲ. ಹಾಗಾಗಿ 1992ರಲ್ಲಿ ಅದು ಎಲ್ಲರ ಉದ್ಯಾನವಾಯಿತು. ಊರಿನ ನಡುವೆ ಮರಳು ಹಾಸಿದ ಕೃತಕ ಬೀಚ್ ಇದೆ, ಪ್ರವೇಶಕ್ಕೆ ದುಡ್ಡಿಲ್ಲ. ಪಕ್ಕದಲ್ಲೇ ವಸ್ತುಸಂಗ್ರಹಾಲಯ, ಕಲಾ ಗ್ಯಾಲರಿಗಳು. ಊಟ ಕಟ್ಟಿಕೊಂಡು ಹೋದರೆ ಇಡೀ ದಿನ ಕಳೆಯಬಹುದು.

1927ರಿಂದ ಇರುವ ಲೋನ್ ಪೈನ್ ಕೊಆಲಾ ಪ್ರಾಣಿಧಾಮಕ್ಕೂ ಬಸ್ಸಿದೆ. ಕೊಆಲಾವನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳುವುದನ್ನು ಅವರು 2024ರಲ್ಲಿ ನಿಲ್ಲಿಸಿದರು. ಒಳ್ಳೆಯದೇ ಮಾಡಿದರು. ದಿನದ ಬಹುಪಾಲು ನಿದ್ದೆ ಮಾಡುವ ಪ್ರಾಣಿ ಅದು, ಅದರ ಪಾಡಿಗೆ ಬಿಡಬೇಕು ಅಲ್ವಾ?

ಕಡಲತೀರದ ಊರಾದ ಗೋಲ್ಡ್ ಕೋಸ್ಟ್‌ಗೆ ಹೆಲೆನ್ಸ್‌ವೇಲ್‌ವರೆಗೆ ರೈಲು, ಅಲ್ಲಿಂದ ಟ್ರಾಮ್. ಆದರೆ ಜುಲೈನಲ್ಲಿ ಹೋಗುತ್ತಿದ್ದೀರಲ್ಲ, ನನ್ನ ಆಯ್ಕೆ ನಾರ್ತ್ ಸ್ಟ್ರಾಡ್‌ಬ್ರೋಕ್ ದ್ವೀಪ. ಜೂನ್‌ನಿಂದ ನವೆಂಬರ್‌ವರೆಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಆ ಕರಾವಳಿಯಲ್ಲಿ ಓಡಾಡುತ್ತವೆ. ದ್ವೀಪದ ಪಾಯಿಂಟ್ ಲುಕ್‌ಔಟ್‌ನಲ್ಲಿ ದಡದ ಮೇಲೆ ನಿಂತೇ ನೋಡಬಹುದು. ಕ್ಲೀವ್‌ಲ್ಯಾಂಡ್‌ವರೆಗೆ ರೈಲು, ಆಮೇಲೆ ದೋಣಿ, ದ್ವೀಪದೊಳಗೆ ಬಸ್ಸು. ಈ ದೋಣಿ ಖಾಸಗಿಯವರದು, ಟಿಕೆಟ್ ಬೇರೆ. ಬೆಳಿಗ್ಗೆ ಬೇಗ ಹೊರಡಿ, ಜುಲೈನಲ್ಲಿ ಸಂಜೆ ಐದೂಕಾಲರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ.

ಕಾರು ಬೇಕೇ ಬೇಕು ಅನ್ನುವುದು ದಕ್ಷಿಣದ ಬೆಟ್ಟಗಳಿಗೆ. ಲ್ಯಾಮಿಂಗ್ಟನ್, ಸ್ಪ್ರಿಂಗ್‌ಬ್ರೂಕ್ ಎರಡೂ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಮಳೆಕಾಡುಗಳು. ಸ್ಪ್ರಿಂಗ್‌ಬ್ರೂಕ್‌ನ ನ್ಯಾಚುರಲ್ ಬ್ರಿಡ್ಜ್‌ನಲ್ಲಿ ಗುಹೆಯ ಚಾವಣಿ ತೂತಾಗಿ, ಜಲಪಾತ ಅದರೊಳಗಿಂದ ಕೆಳಕ್ಕೆ ಬೀಳುತ್ತದೆ. ಕತ್ತಲಾದ ಮೇಲೆ ಗುಹೆಯ ಗೋಡೆಯಲ್ಲಿ ಹೊಳೆಯುವ ಹುಳುಗಳು ಕಾಣುತ್ತವೆ. ಅವುಗಳ ಮೇಲೆ ಟಾರ್ಚ್ ಬಿಡಬಾರದು. ತಿರುವಿನ ರಸ್ತೆ, ರಾತ್ರಿಯ ವಾಪಸಾತಿ. ಮಗ ಓಡಿಸಲಿ.

ಹೊರಡುವ ಮೊದಲು ಮಗನ ಮನೆಯಿಂದ ರೈಲು ನಿಲ್ದಾಣ ಎಷ್ಟು ದೂರ ಅಂತ ಕೇಳಿಕೊಳ್ಳಿ. ಹೊರವಲಯದಲ್ಲಿ ಬಸ್ಸುಗಳು ಕಡಿಮೆ, ಭಾನುವಾರ ಇನ್ನೂ ಕಡಿಮೆ. ಸ್ಪ್ರಿಂಗ್‌ಫೀಲ್ಡ್‌ನಂಥ ಕಡೆ ರೈಲೇ ಇರುವುದರಿಂದ ತೊಂದರೆಯಿಲ್ಲ.

ನೀವು ಆರಿಸಿದ ತಿಂಗಳುಗಳು ಚೆನ್ನಾಗಿವೆ. ಮಳೆ ಜಾಸ್ತಿ ಬರುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. 1974, 2011, 2022ರ ದೊಡ್ಡ ಪ್ರವಾಹಗಳೆಲ್ಲ ಆ ಕಾಲದಲ್ಲೇ ಬಂದವು. ಜುಲೈನಲ್ಲಿ ಹಗಲು 22 ಡಿಗ್ರಿ ಆಸುಪಾಸು, ರಾತ್ರಿ 10ರ ಹತ್ತಿರ. ಸ್ವೆಟರ್ ಇರಲಿ. ಆಗಸ್ಟ್ ಕೊನೆಯಿಂದ ಮ್ಯಾಗ್‌ಪೈ ಹಕ್ಕಿಗಳು ಮರಿ ಮಾಡುತ್ತವೆ, ಗೂಡಿನ ಹತ್ತಿರ ನಡೆದವರ ತಲೆಗೆ ಎರಗುತ್ತವೆ. ವಾಕಿಂಗ್‌ಗೆ ಹೋಗುವಾಗ ಟೋಪಿ ಹಾಕಿಕೊಳ್ಳಿ, ಎಚ್ಚರಿಕೆಯ ಬೋರ್ಡ್ ಕಂಡರೆ ಬೇರೆ ದಾರಿ ಹಿಡಿಯಿರಿ.